ಚಾರ್ಜರಿಗೆ ಒಂದು ದಿನದ ವಿಶ್ರಾಂತಿ

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ. ನನ್ನ ವಯಸ್ಸಿನವರು ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಯಾವ ದನಿಯಲ್ಲಿ ಹೇಳಿಕೊಳ್ಳುತ್ತಾರೋ ಅದೇ ದನಿಯಲ್ಲಿ ಹೇಳುತ್ತಿದ್ದೇನೆ. ಎಳವೆಯಲ್ಲಿ ಅಂಟಿಕೊಂಡದ್ದು; ಇನ್ನು ವಾಸಿಯಾಗುವುದಿಲ್ಲ; ಪಥ್ಯ ಮಾಡಿಕೊಂಡು ಇರಬಹುದು ಅಷ್ಟೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ಜಡೆಗೆ ರಿಬ್ಬನ್ ಕಟ್ಟಿಸಿ, ಬೆರಳ ಗೆಣ್ಣಿನ ಮೇಲೆ ಫುಟ್‌ರೂಲ್ ಆಡಿಸಿ ಆ ಭಾಷೆಯನ್ನು ಒಳಗೆ ಇಳಿಸಿದರು. ಮಗಳು "ಮೇ ಐ ಕಮ್ ಇನ್" ಎಂದು ಕೇಳಿ ಒಳಗೆ ಹೋಗುವಂಥ ಮನೆ ಸೇರಬೇಕೆಂಬುದು ನಮ್ಮಪ್ಪನ ಆಸೆಯಾಗಿತ್ತು. ಕೊಟ್ಟದ್ದು ಮಿರಜಿನ ಅರಿಶಿನ ವ್ಯಾಪಾರಿಗಳ ಮನೆಗೆ. ಆ ಮನೆಯ ಬಾಗಿಲು ಮುಚ್ಚಿದ್ದನ್ನೇ ನಾನು ಕಂಡಿರಲಿಲ್ಲ, ಇನ್ನು ಕೇಳುವುದು ಯಾರನ್ನು. ಮಾವನವರ ಅಂಗಡಿ ಸಾಂಗ್ಲಿಯ ಪೇಟೆಯಲ್ಲಿತ್ತು. ಆ ಕಾಲದಲ್ಲಿ ಅರಿಶಿನದ ದರ ಕುದುರುತ್ತಿದ್ದದ್ದು ಟವೆಲಿನ ಅಡಿಯಲ್ಲಿ, ಒಬ್ಬರ ಬೆರಳನ್ನು ಇನ್ನೊಬ್ಬರು ಅದುಮಿ, ತುಟಿ ಪಿಟ್ಟೆನ್ನದೆ. ಕನ್ನಡ ಮರಾಠಿಗಳಿಗೇ ಅಲ್ಲಿ ಕೆಲಸವಿರಲಿಲ್ಲ; ನನ್ನ "ವುಡ್ ಯು ಬಿ ಸೋ ಕೈಂಡ್" ಎಲ್ಲಿ ನಡೆದೀತು. ಹೀಗಾಗಿ ನನ್ನ ಇಂಗ್ಲಿಷನ್ನು ನಾನು ಔಷಧದ ಬಾಟಲಿಗಳ ಮೇಲಿನ ಚೀಟಿ ಓದುವುದಕ್ಕೂ, ಮನೆಗೆ ಬಂದ ಟೆಲಿಗ್ರಾಮ್ ಒಡೆದು ಯಾರು ಸತ್ತರೆಂದು ಹೇಳುವುದಕ್ಕೂ ಖರ್ಚು ಮಾಡುತ್ತ ಬಂದೆ. ಉಳಿದದ್ದು ಒಳಗೇ ಇತ್ತು. ಒಳಗೆ ಬಹಳ ದಿನ ಇದ್ದದ್ದು ಹುಳಿಯಾಗುತ್ತದೆ, ಅದು ಹಿಟ್ಟಾದರೂ ಸರಿ, ಭಾಷೆಯಾದರೂ ಸರಿ.

ಆ ಹುಳಿ ಹಿಟ್ಟನ್ನೆಲ್ಲ ನಾನು ಒಮ್ಮೆಲೇ ಸುರಿದದ್ದು ಮೊಮ್ಮಗಳು ಋತುಜಾಳ ಇಂಟರ್ನ್‌ಶಿಪ್ಪಿನ ಮೇಲೆ. ಋತುಜಾ ನನ್ನ ಮಗ ಶಿವಾನಂದನ ಮಗಳು. ಇಲ್ಲಿಯ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಾಳೆ. ನಾನು ಕನ್ನಡದಲ್ಲಿ ಬೈದರೆ ಪೂರ್ತಿ ತಿಳಿಯುತ್ತದೆ, ಉತ್ತರ ಅರ್ಧ ಮರಾಠಿಯಲ್ಲಿ ಬರುತ್ತದೆ. ನಮ್ಮ ಕಾಲದಲ್ಲಿ ಇಂಟರ್ನ್‌ಶಿಪ್ ಎಂಬ ಮಾತು ಇರಲಿಲ್ಲ, ವಸ್ತು ಇತ್ತು. ಅದನ್ನು ಸೊಸೆತನ ಎನ್ನುತ್ತಿದ್ದರು. ಬೆಳಗಾಗುವ ಮುಂಚೆ ಹಾಜರಿ, ಸಂಬಳವಿಲ್ಲ, ಮಾಡಿದ ಕೆಲಸದ ಹೆಸರು ಅತ್ತೆಗೆ, ಕೆಟ್ಟ ಕೆಲಸದ ಹೆಸರು ನಮಗೆ, ಕೊನೆಯಲ್ಲಿ ಅನುಭವ ಸಿಕ್ಕಿತಲ್ಲ ಎಂಬ ಸಮಾಧಾನ. ಈಗ ಅದನ್ನೇ ಕಂಪನಿಗಳು ಮಾಡುತ್ತಿವೆ. ಒಂದೇ ವ್ಯತ್ಯಾಸವೆಂದರೆ ಸೊಸೆಗೆ ಅರ್ಜಿ ಹಾಕುವ ಕಷ್ಟ ಇರಲಿಲ್ಲ.

ಈಗೆಲ್ಲ ಗ್ರೀನ್ ಎನರ್ಜಿಯ ಕಾಲ. ಕಾಲೇಜಿನ ಗೋಡೆಯ ಮೇಲೆ ಎಲೆ ಬಿಟ್ಟ ಬಲ್ಬು, ಹೂ ಬಿಟ್ಟ ಬಸ್ಸುಗಳ ಪೋಸ್ಟರು. ಎಲ್ಲದರ ಮೇಲೂ ಆಪರ್ಚುನಿಟಿ, ಎಲ್ಲದರ ಕೆಳಗೂ ಸಸ್ಟೇನಬಲ್. ಋತುಜಾ ಮೊದಲು ಹೋದದ್ದು ಸೋಲಾರ್ ಕಂಪನಿಯೊಂದಕ್ಕೆ. ಇಂಟರ್‌ವ್ಯೂನಲ್ಲಿ ಅವಳಿಗೆ ವೋಲ್ಟೇಜು ಕೇಳಲಿಲ್ಲ, ಕರೆಂಟು ಕೇಳಲಿಲ್ಲ. ನಿಮ್ಮ ಬಂಧುಬಳಗದಲ್ಲಿ ಸ್ವಂತ ತಾರಸಿ ಇರುವ ಮನೆಗಳು ಎಷ್ಟು ಎಂದು ಕೇಳಿದರು. ಅವಳ ಅಪ್ಪ ಉತ್ಸಾಹದಿಂದ ಅಂಗಡಿಯ ತಾರಸಿ ಕೊಟ್ಟ. ಸೋದರಮಾವನ ತಾರಸಿ ಹೋಯಿತು. ಮಾವಶಿ, ಅಂದರೆ ಅವಳ ಅವ್ವನ ತಂಗಿ, ತನ್ನ ತಾರಸಿಯ ಮೇಲೆ ಸಂಡಿಗೆ ಒಣಗಬೇಕೆಂದು ಒಪ್ಪಲಿಲ್ಲ. ಬಂಧುಗಳು ಮುಗಿದ ದಿನವೇ ಇಂಟರ್ನ್‌ಶಿಪ್ಪೂ ಮುಗಿಯಿತು. ಎರಡನೆಯದು ಕ್ಲೀನ್ ಟ್ರಾನ್ಸ್‌ಪೋರ್ಟೇಶನ್ ಅಭಿಯಾನ. ಅಲ್ಲಿ ಹುಡುಗ ಹುಡುಗಿಯರನ್ನು ಮಿರಜ್ ಸ್ಟೇಷನ್ನಿನ ಮುಂದೆ ನಿಲ್ಲಿಸಿ, ಮಾಲಿನ್ಯ ಬೇಡ ಎಂಬ ನುಣುಪು ಕಾಗದಗಳನ್ನು ಹಂಚಿಸಿದರು. ಸಂಜೆಯ ಹೊತ್ತಿಗೆ ಸ್ಟೇಷನ್ನಿನ ಮುಂದೆ ನೆಲವೇ ಕಾಣುತ್ತಿರಲಿಲ್ಲವಂತೆ.

ಹುಡುಗಿಯ ಆಸೆ ಇದಾವುದೂ ಅಲ್ಲ. ಅವಳಿಗೆ ಬಿಚ್ಚಬೇಕು. ಚಿಕ್ಕವಳಿದ್ದಾಗಲೇ ನನ್ನ ಮಿಕ್ಸರನ್ನು ಬಿಚ್ಚಿ, ಮತ್ತೆ ಕೂಡಿಸಿ, ಮೊದಲಿಗಿಂತ ಕಡಿಮೆ ಕೂಗುವಂತೆ ಮಾಡಿ ಕೊಟ್ಟವಳು. ಕುಪವಾಡದ ಕಾರ್ಖಾನೆಗಳ ಪ್ರದೇಶವಾದ ಎಂಐಡಿಸಿಯಲ್ಲಿ ಹಳೆಯ ಆಟೋರಿಕ್ಷಾಗಳ ಎಂಜಿನ್ ಕಿತ್ತು ಬ್ಯಾಟರಿ ಮತ್ತು ಮೋಟರು ಕೂರಿಸುವ ಒಂದು ವರ್ಕ್‌ಶಾಪ್ ಇದೆಯೆಂದು ಅವಳಿಗೆ ಗೊತ್ತಾಯಿತು. ರಿಕ್ಷಾದ ಹೊಟ್ಟೆಯನ್ನೇ ಬದಲಿಸುವ ಜಾಗ. ಅಲ್ಲಿಗೆ ಹೋಗಬೇಕೆಂದು ಕೂತಲ್ಲಿ ನಿಂತಲ್ಲಿ ಅದೇ ಮಾತು. ಅರ್ಜಿಯನ್ನು ಅವಳೇ ಬರೆದಳು. ನನಗೆ ಮೋಟರ್ ಬಿಚ್ಚಿ ಕೂಡಿಸಲು ಬರುತ್ತದೆ, ಬ್ಯಾಟರಿ ಪ್ಯಾಕಿನ ಕೆಲಸ ಕಲಿಯಬೇಕಾಗಿದೆ, ಕೈ ಕೊಳೆಯಾದರೆ ಅಡ್ಡಿಯಿಲ್ಲ ಎಂದು ಒಡಕು ಇಂಗ್ಲಿಷಿನಲ್ಲಿ ಬರೆದು ನನಗೆ ತೋರಿಸಿದಳು. ನಾನು ಕನ್ನಡಕ ಏರಿಸಿದೆ. ಸಿಸ್ಟರ್ ನನ್ನೊಳಗೆ ಎದ್ದು ನಿಂತರು.

"ಇದು ಅಪ್ಲಿಕೇಶನ್ ಅಲ್ಲವ್ವಾ, ಟೆಲಿಗ್ರಾಮ್. ಯಾರೋ ಸತ್ತಾರಂತ ತಿಳಕೊಂಡಾರು" ಎಂದೆ.

"ಇದ್ದದ್ದ ಬರದೇನಿ ಆಜಿ."

"ಇದ್ದದ್ದು ಬರದ್ರ ಯಾರು ಕರೀತಾರ."

ಕುಳಿತು ಬರೆದುಕೊಟ್ಟೆ. ಆಹಾ, ಎಂಥ ಬರವಣಿಗೆ ಅದು. ಬಾಲ್ಯದಿಂದಲೇ ಈ ಭೂಮಂಡಲದ ನಿರ್ಮಲ ಭವಿಷ್ಯಕ್ಕಾಗಿ ನನ್ನ ಎದೆಯಲ್ಲಿ ಒಂದು ಆರ್ಡೆಂಟ್ ಡಿಸೈರ್ ಉರಿಯುತ್ತಿದೆ ಎಂದು ಆರಂಭ. ನಡುವೆ ಅರ್ಧವಿರಾಮಗಳು, ನಮ್ಮ ಕೃಷ್ಣಾ ನದಿ, ಮುಂದಿನ ಪೀಳಿಗೆ. ಕೊನೆಗೆ "ಐ ರಿಮೇನ್, ಸರ್, ಯುವರ್ಸ್ ಮೋಸ್ಟ್ ಫೇತ್‌ಫುಲಿ". ಮೋಟರ್ ಬಿಚ್ಚುವ ಮಾತನ್ನು ಎಲ್ಲಿ ಸೇರಿಸಿದರೂ ಆ ಸೊಗಸಿಗೆ ಹೊಂದಲಿಲ್ಲ, ಬಿಟ್ಟೆ. ಮಾರನೆಯ ದಿನವೇ ವರ್ಕ್‌ಶಾಪಿನ ಮಾಲೀಕ ಅಭಿಜಿತನ ಫೋನ್ ಬಂತು. ನಮ್ಮ ಪೈಕಿಯ ವ್ಯಾಪಾರಿ ಮನೆತನದ ಹುಡುಗನೇ. ಅಪ್ಪ ಬೆಲ್ಲದ ವ್ಯಾಪಾರ ಮಾಡಿದರೆ ಇವನು ಬ್ಯಾಟರಿಗೆ ಇಳಿದಿದ್ದ. "ಇಂಥಾ ಇಂಗ್ಲಿಷ್ ಬರೆಯೋರು ನಮಗ ಪಾಯಿಜೇನ್‌ರಿ, ಬೇಕ ಬೇಕು" ಎಂದನಂತೆ. ಮನೆಯಲ್ಲಿ ಪೇಢೆ ಹಂಚಿದೆವು. ಓಣಿಗೆಲ್ಲ ನಾನೇ ಹೋಗಿ ಕೊಟ್ಟು ಬಂದೆ. ಪೇಢೆಯ ಜೊತೆ ಅರ್ಜಿಯ ಮೊದಲ ವಾಕ್ಯವನ್ನೂ ಹೇಳಿ ಬಂದೆ.

ಬಂದ ಇಂಗ್ಲಿಷನ್ನು ಕಂಪನಿಯವರು ಹಾಳುಗೆಡವಲಿಲ್ಲ. ಋತುಜಾಳನ್ನು ಬಾಗಿಲ ಹತ್ತಿರದ ಎಸಿ ಕೋಣೆಯಲ್ಲಿ ಕೂರಿಸಿದರು. ಬಂದವರಿಗೆ ವೆಲ್‌ಕಮ್ ಹೇಳುವುದು, ಟಿವಿಯ ಮೇಲೆ ಸ್ಲೈಡ್ ತಿರುಗಿಸುವುದು, ಅತಿಥಿಗಳಿಗೆ ಚಹಾ ಸಕ್ಕರೆ ಹಾಕಿಯೋ ಹಾಕದೆಯೋ ಎಂದು ಇಂಗ್ಲಿಷಿನಲ್ಲಿ ವಿಚಾರಿಸುವುದು. ಅವಳ ಜೊತೆಗೇ ಸೇರಿದ ಇಬ್ಬರು ಹುಡುಗರು, ಒಬ್ಬ ಸಲಗರೆಯವನು, ಇನ್ನೊಬ್ಬ ಸಮಡೋಳಿಯವನು, ಗಾಜಿನ ಆ ಕಡೆ ಶಾಪ್ ಫ್ಲೋರಿನಲ್ಲಿ ಮೈಕೈಯೆಲ್ಲ ಗ್ರೀಸ್ ಮಾಡಿಕೊಂಡು ರಿಕ್ಷಾದ ಕೆಳಗೆ ಮಲಗಿರುತ್ತಿದ್ದರು. ಅವರ ಅರ್ಜಿಗಳಲ್ಲಿ ಸ್ಪೆಲ್ಲಿಂಗುಗಳೇ ಸರಿ ಇರಲಿಲ್ಲವಂತೆ. ಅದಕ್ಕೇ ಅವರನ್ನು ಒಳಗೆ ಬಿಟ್ಟರು. ನನ್ನ ಮೊಮ್ಮಗಳನ್ನು ಒಮ್ಮೆ ಮಾತ್ರ ಒಳಗೆ ಕರೆದರು. ತಲೆಗೆ ಹಳದಿ ಹೆಲ್ಮೆಟ್ ಇಟ್ಟು, ಕೈಗೆ ಸ್ಪ್ಯಾನರ್ ಕೊಟ್ಟು, ಮೋಟರಿನ ಮುಂದೆ ಕೂರಿಸಿ ಫೋಟೋ ತೆಗೆದರು. ವುಮೆನ್ ಇನ್ ಕ್ಲೀನ್ ಎನರ್ಜಿ ಎಂದು ಅದನ್ನು ಎಲ್ಲೆಡೆ ಹಾಕಿದರು. ಫೋಟೋ ಆದ ಮೇಲೆ ಸ್ಪ್ಯಾನರ್ ವಾಪಸ್ ಇಸಿದುಕೊಂಡರು.

ನಾನು ಆ ಫೋಟೋವನ್ನು ನನ್ನ ಕಾನ್ವೆಂಟ್ ಗೆಳತಿಯರ ಗ್ರೂಪಿಗೆ ಕಳಿಸಿದೆ. ಬದುಕಿ ಉಳಿದವರೆಲ್ಲ ಹೆಬ್ಬೆರಳು ಎತ್ತಿದರು.

ಋತುಜಾ ಮಾತ್ರ ದಿನದಿಂದ ದಿನಕ್ಕೆ ಸಪ್ಪಗಾದಳು. ಸಂಜೆ ಬಂದು ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು ನನ್ನ ಮಂಚದ ಮೇಲೆ ಬೀಳುತ್ತಿದ್ದಳು.

"ಏನ್ ಕಲತೀವಾ ಇವತ್ತ?"

"ಹಿರೇ ಸಾಹೇಬ್ರ ಬಿಸ್ಕಿಟ್ ಅದ್ದಕೊಂಡ ತಿಂತಾರ. ಸಣ್ಣ ಸಾಹೇಬ್ರ ಹಂಗ ತಿಂತಾರ."

"ಕಮ್ಯುನಿಕೇಶನ್ ಅಂದ್ರ ಸಣ್ಣ ಕೆಲಸಲ್ಲ. ಮುಂದ ಅದ ಬೇಕಾಗೂದು."

"ಆಜಿ, ನಾ ಒಳಗ ಬಿಡ್ರೀ ಅಂತ ಕೇಳಿದ್ನಿ. ಸರ್ ಏನಂದ್ರ ಗೊತ್ತೇನ್ರಿ? ಇಷ್ಟ ಚಂದ ಇಂಗ್ಲಿಷ್ ಇದ್ದಾಕಿ ಗಾಡಿ ಕೆಳಗ ಯಾಕ ಹೋಗ್ತಿ ಅಂದ್ರ. ನಂದ ಇಂಗ್ಲಿಷ್ ಅಲ್ಲ ಅದು, ನಿಮ್ದು. ನಿಮ್ಮ ಇಂಗ್ಲಿಷ್ ನೌಕರಿ ಮಾಡಾಕ ಹತ್ತೇತಿ, ನಾ ಬರೇ ಅದನ್ನ ಸ್ಕೂಟರ್ ಮ್ಯಾಲ ಬಿಟ್ಟ ಬರತೇನಿ."

ನಾನು ನಕ್ಕುಬಿಟ್ಟೆ. ಒಳ್ಳೆಯ ಮಾತಾಡುತ್ತಾಳೆ ಎಂದು ಹೆಮ್ಮೆಯೂ ಆಯಿತು. ನಕ್ಕದ್ದು ಅವಳಿಗೆ ಸರಿಬರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು.

ದಸರಾ ಹತ್ತಿರ ಬಂದಾಗ ಅವಳ ಅದೃಷ್ಟ ತಿರುಗಿತು. ರಿಕ್ಷಾಗಳಿಗೆ ಹಣ ಹೂಡುವವರು ಇಬ್ಬರು ಪುಣೆಯಿಂದ ವಿಜಯದಶಮಿಯ ದಿನವೇ ಬರುವವರಿದ್ದರು. ಒಳ್ಳೆಯ ಮುಹೂರ್ತ ಎಂದು ಅಭಿಜಿತನೇ ಆ ದಿನ ಕೊಟ್ಟಿದ್ದ. ಹೊಸದಾಗಿ ಸಿದ್ಧವಾದ ಒಂದು ರಿಕ್ಷಾದಲ್ಲಿ ಅವರನ್ನು ಕುಪವಾಡದಿಂದ ಸಾಂಗ್ಲಿಯ ನದಿ ದಂಡೆಯ ಗಣಪತಿ ಗುಡಿಗೆ ಕರೆದೊಯ್ದು ತರುವುದು ಎಂದು ಗೊತ್ತಾಯಿತು. ಆದರೆ ಹಬ್ಬಕ್ಕೆಂದು ಹುಡುಗರಿಬ್ಬರೂ ಊರಿಗೆ ಹೊರಟುನಿಂತರು. ಮೇಸ್ತ್ರಿಯೂ ಹೋದ. ಗಾಡಿ ನೋಡಿಕೊಳ್ಳಲು ಉಳಿದದ್ದು ಇಂಗ್ಲಿಷ್ ಬಲ್ಲ ಹುಡುಗಿ ಒಬ್ಬಳೇ. ಅಭಿಜಿತ ಬೇರೆ ದಾರಿಯಿಲ್ಲದೆ ಅವಳನ್ನು ಕರೆದು, ಗಾಡಿ ತಯಾರು ಮಾಡುವ ಜಿಮ್ಮೇದಾರಿ ನಿನ್ನದು, ಸರಿಯಾಗಿ ಓಡಿತೆಂದರೆ ದೀಪಾವಳಿಯ ನಂತರ ನೀನು ಶಾಪ್ ಫ್ಲೋರಿಗೆ, ಕೊನೆಯ ವರ್ಷದ ಪ್ರಾಜೆಕ್ಟೂ ಇಲ್ಲೇ ಎಂದ. ಅಂದು ಸಂಜೆ ಅವಳು ಮನೆಗೆ ಬಂದವಳು ಎರಡೂ ಕೈ ಮುಂದೆ ಚಾಚಿಕೊಂಡೇ ಬಂದಳು. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಗ್ರೀಸ್. ಊಟಕ್ಕೆ ಕೈ ತೊಳೆಯಲು ಅವಳ ಅವ್ವ ಎಷ್ಟು ಹೇಳಿದರೂ ಕೇಳದೆ ಚಮಚೆಯಲ್ಲಿ ಉಂಡಳು. ಮದರಂಗಿ ಹಚ್ಚಿಕೊಂಡ ಹುಡುಗಿಯರು ಹೀಗೆ ಮಾಡುವುದನ್ನು ನಾನು ನೋಡಿದ್ದೆ.

ಈಗ ಖಂಡೇನವಮಿಯ ಮಾತು ಹೇಳಬೇಕು. ದಸರಾ ಹಿಂದಿನ ದಿನ ನಮ್ಮಲ್ಲಿ ಆಯುಧಗಳಿಗೆ ಪೂಜೆ. ರೈತನಿಗೆ ಕುಡಗೋಲು, ಡ್ರೈವರನಿಗೆ ಲಾರಿ, ನಮ್ಮಂಥವರಿಗೆ ತಕ್ಕಡಿ. ಪೂಜೆಗೊಂಡ ವಸ್ತುವನ್ನು ಮರುದಿನ ಮತ್ತೆ ಪೂಜೆ ಮಾಡಿ ಎತ್ತುವ ತನಕ ದುಡಿಸಬಾರದು. ವರ್ಷವಿಡೀ ನಮಗಾಗಿ ಸವೆದದ್ದಕ್ಕೆ ಒಂದು ದಿನದ ರಜೆ. ಈ ಒಂದು ವಿಷಯದಲ್ಲಿ ನಮ್ಮ ಜನ ತಮ್ಮ ಆಳುಗಳಿಗಿಂತ ತಕ್ಕಡಿಯನ್ನು ಹೆಚ್ಚು ಮರ್ಯಾದೆಯಿಂದ ನಡೆಸಿಕೊಂಡಿದ್ದಾರೆ. ಮಾವನವರು ಬದುಕಿದ್ದಾಗ ಆ ದಿನ ಯಾರೋ ಬಾಣಂತಿಗೆಂದು ಚೂರು ಅರಿಶಿನ ಕೇಳಲು ಬಂದರೆ, "ತಕ್ಕಡಿ ಮಲಗೇತಿ, ಎಬ್ಬಸಂಗಿಲ್ಲ" ಎಂದು ಬೊಗಸೆಯಲ್ಲಿ ತುಂಬಿ ಸುಮ್ಮನೆ ಕೊಟ್ಟು ಕಳಿಸಿದ್ದರು. ತೂಗದೆ ಕೊಟ್ಟದ್ದು ಆ ಮನೆತನದ ಇತಿಹಾಸದಲ್ಲಿ ಅದೊಂದೇ ಸಲ ಇರಬೇಕು.

ಅಭಿಜಿತನ ವರ್ಕ್‌ಶಾಪಿನಲ್ಲೂ ಪೂಜೆ ಇಟ್ಟುಕೊಂಡಿದ್ದರು. ನನಗೆ ಖಾಸಾ ಆಮಂತ್ರಣ ಬಂತು, ಕಾರು ಬಂತು. ಮುಂದಿನ ಕುರ್ಚಿಯಲ್ಲೇ ಕೂರಿಸಿದರು. ಅಭಿಜಿತನ ತಾಯಿ ಅಕ್ಕಾತಾಯಿ ದಪ್ಪ ಅಂಚಿನ ಇರಕಲ್ ಸೀರೆಯುಟ್ಟು, ಕೈಯಲ್ಲಿ ಚೆಂಡುಹೂವಿನ ಬುಟ್ಟಿ ಹಿಡಿದು, ಕಂಡದ್ದಕ್ಕೆಲ್ಲ ಹೂವು ಏರಿಸುತ್ತಿದ್ದರು. ಡ್ರಿಲ್ಲಿಗೆ, ವೆಲ್ಡಿಂಗ್ ಮಷೀನಿಗೆ, ಸ್ಲೈಡ್ ತೋರಿಸುವ ಟಿವಿಗೆ, ಚಹಾದ ಥರ್ಮಾಸಿಗೆ. ಪುಣೆಯವರಿಗೆ ತೋರಿಸಬೇಕಾದ ರಿಕ್ಷಾ ನಡುವೆ ಮದುಮಗನಂತೆ ನಿಂತಿತ್ತು. ಅದರ ಪಕ್ಕದ ಗೋಡೆಯಲ್ಲಿ ಚಾರ್ಜರು. ಅದಕ್ಕೂ ವಿಭೂತಿ, ಕುಂಕುಮ, ಮಾಲೆ. ಪೂಜೆಯ ಮುಂಚೆ ಅಭಿಜಿತನ ಅತ್ತಿಗೆ ನಾದಿನಿಯರು, ಅವರ ಮಕ್ಕಳು, ಎಲ್ಲರೂ ಸರದಿಯ ಮೇಲೆ ಆ ರಿಕ್ಷಾದಲ್ಲಿ ಎಂಐಡಿಸಿ ಸುತ್ತಿ ಬಂದಿದ್ದರು. ಬೇಡ ಎನ್ನಲು ಋತುಜಾ ಯಾರು. ಆರತಿ ಆಗಿ, ಕಾಯಿ ಒಡೆದ ಮೇಲೆ ಅವಳು ಮೆಲ್ಲಗೆ ಬಂದು, ಬ್ಯಾಟರಿ ತಳಕ್ಕೆ ಹೋಗಿದೆ, ಈಗ ಚಾರ್ಜಿಗೆ ಹಚ್ಚಿದರೆ ಬೆಳಗಿನ ಹೊತ್ತಿಗೆ ತುಂಬುತ್ತದೆ ಎಂದು ವೈರು ಎತ್ತಿಕೊಂಡಳು.

"ಹಾಂ ಹಾಂ, ಮುಟ್ಟಬ್ಯಾಡ" ಎಂದರು ಅಕ್ಕಾತಾಯಿ. "ಪೂಜಾ ಆಗೇತಿ. ನಾಳಿನ ತನಕ ಯಾವ ಮಷೀನೂ ಚಾಲೂ ಮಾಡಂಗಿಲ್ಲ."

"ಗಾಡಿ ಚಾಲೂ ಮಾಡೂದಿಲ್ಲ ಕಾಕೂ, ಬರೇ ಚಾರ್ಜ್."

"ಚಾರ್ಜ್ ಅಂದ್ರ ಚಾಲೂನ ಅಲ್ಲೇನು? ಲಾಲ್ ಲೈಟ್ ಹತ್ತತೇತಿ, ಗುಂಯ್ ಅಂತೇತಿ."

ಅಭಿಜಿತ ತಾಯಿಯ ಮುಖ ನೋಡಿದ, ರಿಕ್ಷಾದ ಮುಖ ನೋಡಿದ. ಪುಣೆಯಲ್ಲಿ ಓದಿ ಬಂದವನು. ನಂಬಿಕೆ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದ. "ಆಜೀ, ನೀವ ಸಾಂಗಾ, ನೀವ ಹೇಳ್ರಿ. ನೀವು ಕಾನ್ವೆಂಟ್ ಕಲತವರು, ಪದ್ಧತೀನೂ ಗೊತ್ತಿದ್ದವರು. ಚಾರ್ಜ್ ಮಾಡೂದು ಅಂದ್ರ ಕೆಲಸೋ, ವಿಶ್ರಾಂತಿಯೋ?"

ಇಡೀ ವರ್ಕ್‌ಶಾಪ್ ನನ್ನ ಬಾಯಿಯನ್ನೇ ನೋಡಿತು. ಓದುಗರೇ, ನಿಮಗೆ ಗೊತ್ತಿರಲಿಕ್ಕಿಲ್ಲ, ಈ ವಯಸ್ಸಿನ ಹೆಂಗಸನ್ನು ಯಾರೂ ಏನೂ ಕೇಳುವುದಿಲ್ಲ. ಗುಳಿಗೆ ನುಂಗಿದಿರಾ ಎಂದು ಕೇಳುತ್ತಾರೆ, ಫ್ಯಾನ್ ಹಚ್ಚಲೇ ಎಂದು ಕೇಳುತ್ತಾರೆ. ಒಂದು ಸಭೆಯ ನಡುವೆ, ಮುಂದಿನ ಕುರ್ಚಿಯಲ್ಲಿ, ಶಾಸ್ತ್ರ ಮತ್ತು ಸೈನ್ಸ್ ಎರಡನ್ನೂ ಕೂಡಿಸಿ ತೀರ್ಪು ಕೊಡಿ ಎಂದು ಕೇಳಿದ್ದು ನನ್ನ ಆಯುಷ್ಯದಲ್ಲೇ ಮೊದಲು. ಋತುಜಾ ಹೇಳಿದಳು, "ಆಜಿ, ಗಾಡಿಗೆ ಚಾರ್ಜ್ ಅಂದ್ರ ಊಟ. ಉಂಡ ಮಲಗಲಿ ಅಂತ ಹೇಳ್ರಿ." ಒಳ್ಳೆಯ ವಾದವೇ. ಅಲ್ಲಿಗೇ ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೌದು ಎಂದು ಅಷ್ಟು ಬೇಗ ಹೇಳಿದರೆ ತೀರ್ಪಿಗೆ ತೂಕವೆಲ್ಲಿ ಉಳಿಯಿತು. ನಾನು ಕಣ್ಣು ಮುಚ್ಚಿ ತೆರೆದು, ಸಾವಕಾಶವಾಗಿ ಹೇಳಿದೆ. ಗಾಡಿಗೆ ಅದು ಊಟ, ಒಪ್ಪಿದೆ. ಆದರೆ ಉಣಿಸುವವರು ಯಾರು? ಚಾರ್ಜರು. ಅದಕ್ಕೂ ಮಾಲೆ ಬಿದ್ದಿದೆ. ಗಾಡಿಯ ವಿಶ್ರಾಂತಿಗಾಗಿ ಚಾರ್ಜರನ್ನು ದುಡಿಸುವುದು, ಯಜಮಾನ ಉಣ್ಣಲೆಂದು ಹಬ್ಬದ ದಿನವೂ ಹೆಂಗಸನ್ನು ಒಲೆಯ ಮುಂದೆ ನಿಲ್ಲಿಸಿದಂತೆ. "ಜಸ್ಟೀಸ್ ಈಸ್ ಜಸ್ಟೀಸ್, ಈವನ್ ಫಾರ್ ಎ ಚಾರ್ಜರ್."

ಚಪ್ಪಾಳೆ ಬಿತ್ತು. ಅಭಿಜಿತನ ಅತ್ತಿಗೆಯರು ಎಲ್ಲರಿಗಿಂತ ಜೋರಾಗಿ ತಟ್ಟಿದರು; ಒಲೆಯ ಮಾತು ಅವರಿಗೆ ತಾಗಿರಬೇಕು. ಅಕ್ಕಾತಾಯಿ ನನಗೆ ಮೊದಲ ಪ್ರಸಾದ ಕೊಟ್ಟರು. ಅಭಿಜಿತ ಬೆಳಿಗ್ಗೆ ಬೇಗ ಬಂದು ಹಚ್ಚಿದರಾಯಿತು ಎಂದ. ಋತುಜಾ ವೈರನ್ನು ಸುರುಳಿ ಸುತ್ತಿ, ಕೆಳಗೆ ಇಡಲು ಮನಸ್ಸಾಗದವಳಂತೆ, ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಬೆಳಿಗ್ಗೆ ಬೇಗ ಎಂದರೆ ದೊಡ್ಡವರ ಬೇಗ. ಋತುಜಾ ಸೂರ್ಯ ಹುಟ್ಟುವ ಮುಂಚೆ ಹೋಗಿ ಮುಚ್ಚಿದ ಶಟರಿನ ಮುಂದೆ ನಿಂತಿದ್ದಳು. ಬೀಗದ ಕೈ ಅಭಿಜಿತನ ಹತ್ತಿರ, ಅಭಿಜಿತ ಅಭ್ಯಂಗ ಸ್ನಾನದಲ್ಲಿ. ಅವನು ತಾಯಿಯನ್ನು ಕರೆದುಕೊಂಡು ಬಂದು, ಪೂಜೆ ಎತ್ತಿ, ಚಾರ್ಜರಿಗೆ ವೈರು ಸಿಕ್ಕುವ ಹೊತ್ತಿಗೆ ಪುಣೆಯವರ ಕಾರು ಗೇಟಿನ ಒಳಗೆ ಬಂದಾಗಿತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರ ಕೈಯಲ್ಲೂ ತಾಮ್ರದ ನೀರಿನ ಬಾಟಲಿ. ಇಂಗ್ಲಿಷ್ ಮಾತಾಡಲು ಇರಲಿ ಎಂದು ನನ್ನನ್ನೂ ಕರೆಸಿದ್ದರು. ನಾನು ಕಾಂಜೀವರಂ ಉಟ್ಟು ಹೋಗಿದ್ದೆ. "ಸರ್, ಚಾರ್ಜ್ ಭಾಳ ಕಮ್ಮಿ ಐತಿ, ಇನ್ನೊಂದ ಸ್ವಲ್ಪ ತಡೀರಿ" ಎಂದಳು ಋತುಜಾ. "ಅರೆ, ಸಾಂಗ್ಲಿ ಎಷ್ಟ ದೂರ, ಹೋಗತೇತಿ" ಎಂದು ಅಭಿಜಿತ ಹ್ಯಾಂಡಲ್ ಹಿಡಿದ. ಹಿಂದೆ ಪುಣೆಯವರು, ನಡುವೆ ನಾನು. ಋತುಜಾ ತನ್ನ ಪೆಟ್ರೋಲ್ ಸ್ಕೂಟರಿನ ಮೇಲೆ ನಮ್ಮ ಹಿಂದೆ.

ಆ ಸವಾರಿಯ ಮೊದಲ ಭಾಗ ಬಹಳ ಸುಖದ್ದು. ಸದ್ದಿಲ್ಲ, ಹೊಗೆಯಿಲ್ಲ. ಇಷ್ಟು ವರ್ಷ ಒಳಗೆ ಕೂಡಿಟ್ಟ ಇಂಗ್ಲಿಷ್ ನನ್ನ ಬಾಯಿಂದ ನೀರಿನಂತೆ ಹರಿಯಿತು. ಕ್ಲೀನ್ ಏರ್ ಎಂದೆ, ಅವರ್ ಡ್ಯೂಟಿ ಟು ಪೋಸ್ಟೆರಿಟಿ ಎಂದೆ. ಪುಣೆಯ ಹೆಂಗಸು "ಯು ಆರ್ ಸೋ ಇನ್‌ಸ್ಪೈರಿಂಗ್" ಎಂದು ನನ್ನ ಕೈ ಹಿಡಿದುಕೊಂಡಳು. ವಿಶ್ರಾಮಬಾಗ್ ಚೌಕದ ಹತ್ತಿರ ಪೋಸ್ಟೆರಿಟಿಯ ನಡುವೆಯೇ ರಿಕ್ಷಾ ನಿಧಾನವಾಯಿತು. ಹಳೆಯ ಎಂಜಿನ್ನುಗಳು ಸಾಯುವಾಗ ಕೆಮ್ಮುತ್ತಿದ್ದವು, ಉಬ್ಬಸ ಪಡುತ್ತಿದ್ದವು, ಮೊದಲೇ ತಿಳಿಯುತ್ತಿತ್ತು. ಇದು ಸಜ್ಜನರಂತೆ ಒಂದು ಮಾತೂ ಆಡದೆ ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತು.

ದಸರಾದ ದಿನ, ಊರಿಗೆ ಊರೇ ಹೊಸ ಬಟ್ಟೆ ತೊಟ್ಟು ರಸ್ತೆಯಲ್ಲಿತ್ತು. ಹಿಂದೆ ಹಾರ್ನುಗಳು. ಬೈಕಿನ ಮೇಲೆ ಹೆಂಡತಿ ಮಕ್ಕಳನ್ನು ಹೇರಿಕೊಂಡು ಹೊರಟಿದ್ದ ಒಬ್ಬ ಪಕ್ಕದಲ್ಲೇ ಕಾಲೂರಿ ನಿಂತು, "ಯಾಕ್ರೀ ಸಾಹೇಬ್ರ, ಇವತ್ತ ಸೀಮಿ ದಾಟೂ ದಿನ. ಸೀಮಿ ಹೋಗ್ಲಿ, ಸಿಗ್ನಲ್ಲರ ದಾಟ್ರಿ" ಎಂದ. ಅವನ ಹೆಂಡತಿ ಚೀಲದಿಂದ ಬನ್ನಿ ಎಲೆ ತೆಗೆದು ಪುಣೆಯ ಹೆಂಗಸಿನ ಕೈಗೆ ಕೊಟ್ಟು, "ಬಂಗಾರ ತಗೋರಿ ಬಾಯಾರ, ಕೂತಲ್ಲೆ ಬ್ಯಾಸರಾಗತೇತಿ" ಎಂದಳು. ಅಷ್ಟರಲ್ಲಿ ಋತುಜಾ ಸ್ಕೂಟರ್ ನಿಲ್ಲಿಸಿ ಓಡಿ ಬಂದಿದ್ದಳು. ಅವಳು ಮೀಟರ್ ಕೂಡ ನೋಡಲಿಲ್ಲ. ಪುಣೆಯ ಗಂಡಸು ಅಭಿಜಿತನನ್ನು ಕೇಳಿದ, ಇದೇನು, ಬ್ಯಾಟರಿಯ ದೋಷವೇ, ಮೋಟರಿನ ದೋಷವೇ ಎಂದು. ಅಭಿಜಿತ ಒಂದು ಗಳಿಗೆಯೂ ತಡೆಯಲಿಲ್ಲ.

"ನೋ ನೋ ಸರ್. ಟೆಕ್ನಾಲಜಿ ಈಸ್ ಪರ್ಫೆಕ್ಟ್. ಇಂಟರ್ನ್ ಫರ್ಗಾಟ್ ಟು ಚಾರ್ಜ್."

ಋತುಜಾ ಅವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಒಂದೇ ವಾಕ್ಯ ಸಾಕಾಗಿತ್ತು. ಶಿ ಡಿಡ್ ನಾಟ್ ಫರ್ಗೆಟ್, ಐ ಸ್ಟಾಪ್ಡ್ ಹರ್. ಒಂದನೆಯ ಇಯತ್ತೆಯ ಮಕ್ಕಳು ಹೇಳುವಷ್ಟು ಇಂಗ್ಲಿಷ್. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಬಾಯಿಯಲ್ಲಿ ಬಂದು ನಿಂತವು. ನನ್ನ ಕೈ ಇನ್ನೂ ಆ ಹೆಂಗಸಿನ ಕೈಯಲ್ಲಿತ್ತು, ಅವಳ ಕಣ್ಣಲ್ಲಿ ನಾನು ಇನ್ನೂ ಇನ್‌ಸ್ಪೈರಿಂಗ್ ಆಗಿದ್ದೆ. ವಾಕ್ಯ ಹೊರಗೆ ಬರಲಿಲ್ಲ. "ಸಾರಿ ಸರ್" ಎಂದಳು ಋತುಜಾ, ರಿಕ್ಷಾದ ಹಿಂದೆ ಹೋಗಿ ತಳ್ಳತೊಡಗಿದಳು. ಬೈಕಿನವನೂ ಇಳಿದು ಕೈ ಹಚ್ಚಿದ. ಇಳಿಯಿರಿ ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಇಳಿಯಲಿಲ್ಲ. ನನ್ನ ಭಾರವನ್ನೂ ಸೇರಿಸಿ ಅವಳು ರಸ್ತೆಯ ಪಕ್ಕಕ್ಕೆ ತಳ್ಳಿದಳು.

ಪುಣೆಯವರು ಟ್ಯಾಕ್ಸಿಯಲ್ಲಿ ಗಣಪತಿಯ ದರ್ಶನ ಮಾಡಿಕೊಂಡು, ಹಣವನ್ನೂ ಹೂಡಿ ಹೋದರಂತೆ. ಟೆಕ್ನಾಲಜಿ ಪರ್ಫೆಕ್ಟ್ ಎಂದು ಅವರಿಗೆ ಮನವರಿಕೆಯಾಗಿತ್ತು. ದೀಪಾವಳಿ ಮುಗಿದ ಮೇಲೆ ಶಾಪ್ ಫ್ಲೋರಿನ ಜಾಗ ಮತ್ತು ಪ್ರಾಜೆಕ್ಟು ಸಮಡೋಳಿಯ ಹುಡುಗನಿಗೆ ಹೋಯಿತು. ಋತುಜಾ ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ನನ್ನ ಹೆಸರು ಎತ್ತಲೂ ಇಲ್ಲ. ಸಂಜೆ ಬಂದು ನನ್ನ ಮಂಚದ ಮೇಲೆ ಬೀಳುವುದನ್ನು ಮಾತ್ರ ಬಿಟ್ಟಳು. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದಳು. ಈ ಮನೆಯಲ್ಲಿ ಕೊನೆಗೂ ಒಂದು ಬಾಗಿಲು ಮುಚ್ಚಿತು.

ನನಗೆ ತಡೆಯಲಿಲ್ಲ. ಯಾರಿಗೂ ಹೇಳದೆ ಆಟೋ ಹಿಡಿದು ಕುಪವಾಡಕ್ಕೆ ಹೋದೆ. ಅಭಿಜಿತ "ಯಾ ಯಾ ಆಜೀ, ಬರ್ರಿ, ಕುಂದ್ರಿ" ಎಂದು ಎದ್ದು ನಿಂತ. ನಾನು ನಿಂತೇ ಹೇಳಿದೆ, ಮರೆತವಳು ಅವಳಲ್ಲ, ತಡೆದವಳು ನಾನು, ಅವಳ ಜಾಗ ಅವಳಿಗೆ ಕೊಡು ಎಂದು. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನನಗ ಗೊತ್ತೇತಲ್ರಿ ಆಜಿ. ನಾ ಅಲ್ಲೇ ಇದ್ನಿ."

"ಗೊತ್ತಿದ್ದೂ ಹಂಗ್ಯಾಕ ಅಂದಿ?"

"ಮತ್ತೇನ್ ಅನ್ನಬೇಕಿತ್ರಿ? ಚಾರ್ಜರಿಗೆ ಮಾಲಿ ಹಾಕಿದ್ವಿ, ಅದಕ್ಕ ರಜಾ ಕೊಟ್ವಿ ಅಂತ ಪುಣೆದವರಿಗೆ ಹೇಳ್ಲ್ಯಾ? ನಗತಿದ್ರ. ನಮ್ಮ ಅವ್ವನ ಹೆಸರ ಹೇಳಾಕ ಬರೂದಿಲ್ಲ, ನಿಮ್ಮ ಹೆಸರ ಹೇಳಾಕ ಬರೂದಿಲ್ಲ. ಇಂಟರ್ನ್ ಮರತ್ಲು ಅಂದ್ರ ಹೆಂಗ ಶೋಭಸತೇತಿ ನೋಡ್ರಿ. ಎಲ್ಲಾ ಕಂಪನ್ಯಾಗೂ ಇಂಟರ್ನ್‌ಗಳ ಮರೀತಾರ. ಅದಕ್ಕ ಇಟಗೋತೀವಿ ಅವರನ್ನ."

"ಹಂಗಾದ್ರ ಈಗ ತಗೋ ಆಕೀನ ಒಳಗ."

"ಈಗ ತಗೊಂಡ್ರ, ಮರತಾಕೀನ ಯಾಕ ತಗೊಂಡಿ ಅಂತ ಅವರು ಕೇಳಂಗಿಲ್ಲೇನ್ರಿ?"

ಆಮೇಲೆ ನನಗೆ ಏನಾಯಿತೋ ಗೊತ್ತಿಲ್ಲ. ಕನ್ನಡದಲ್ಲಿ ಬೈದರೆ ಅವನು ತನ್ನ ಅಜ್ಜಿಯ ಬೈಗುಳದಂತೆ ಮುಗುಳ್ನಗುತ್ತ ಕೇಳಿಕೊಂಡಾನು ಎನಿಸಿತು. ವಿಶ್ರಾಮಬಾಗಿನಲ್ಲಿ ಬಾಯಲ್ಲೇ ಉಳಿದ ಇಂಗ್ಲಿಷ್ ಆಗ ಹೊರಗೆ ಬಂತು. ಯು ಸ್ಪೀಕ್ ಆಫ್ ಕ್ಲೀನ್ ಏರ್ ಅಂಡ್ ಯು ಹ್ಯಾವ್ ನಾಟ್ ಎ ಕ್ಲೀನ್ ಬೋನ್ ಇನ್ ಯುವರ್ ಬಾಡಿ ಎಂದೆ. ಮಕ್ಕಳ ಆಸೆಯನ್ನು ಇಂಧನ ಮಾಡಿ ಓಡಿಸುವ ಈ ಗಾಡಿಗಿಂತ ಹೊಗೆ ಉಗುಳುವ ಗಾಡಿಯೇ ಪ್ರಾಮಾಣಿಕ ಎಂದೆ. ಅರ್ಧವಿರಾಮಗಳು ಕೂಡ ಕೇಳಿಸುವಂತೆ, ಒಂದು ಉಸಿರಿಗೂ ತಡವರಿಸದೆ, ಸಿಸ್ಟರ್ ಕೇಳಿದ್ದರೆ ಫುಟ್‌ರೂಲ್ ಪಕ್ಕಕ್ಕಿಟ್ಟು ಎದ್ದು ನಿಲ್ಲುವಂತೆ ಹೇಳಿ ಮುಗಿಸಿದೆ. ಅಭಿಜಿತ ಬಾಯಿ ತೆರೆದು ಕೇಳುತ್ತಿದ್ದ. ಅವನ ಕಣ್ಣಲ್ಲಿ ನೀರಾಡಿದಂತೆ ಕಂಡಿತು. ನಾಟಿತು ಎಂದುಕೊಂಡೆ.

"ಆಜೀ" ಎಂದ ಮೆಲ್ಲಗೆ, "ಋತುಜಾನ ಅಪ್ಲಿಕೇಶನ್ ಬರದವರು ನೀವ ಹೌದಲ್ರಿ? ನನಗ ಆವಾಗ್ಲೇ ಸಂಶಯ ಇತ್ತು. ಇದ ಇಂಗ್ಲಿಷ್ ನಮಗ ಬೇಕಾಗಿದ್ದು. ಪುಣೆದಾಕಿ ದಿನಾ ಫೋನ್ ಮಾಡಿ ಆ ಲೇಡಿ ಎಲ್ಲಿ ಅಂತ ಕೇಳ್ತಾಳ. ನೀವ ಬರ್ರಿ ನಮ್ಮ ಕಡೆ. ಎಸಿ ಖೋಲಿ ಐತಿ, ಕಾರ್ ಕಳಸ್ತೇನಿ. ಸೀನಿಯರ್ ಇಂಟರ್ನ್ ಅನ್ನೂಣು."

ನಾನು ಛತ್ರಿ ಎತ್ತಿಕೊಂಡು ಹೊರಗೆ ಬಂದೆ. ಗಾಜಿನ ಆ ಕಡೆ ಸಮಡೋಳಿಯ ಹುಡುಗ ರಿಕ್ಷಾದ ಅಡಿಯಲ್ಲಿ ಮಲಗಿದ್ದ, ಅಂಗಾಲುಗಳು ಮಾತ್ರ ಕಾಣುತ್ತಿದ್ದವು.

ಮನೆಗೆ ಬಂದು ಋತುಜಾಳ ಬಾಗಿಲು ತಟ್ಟಿದೆ. ಮೇ ಐ ಕಮ್ ಇನ್ ಎನ್ನಲು ಹೋಗಿ ನುಂಗಿಕೊಂಡೆ. ಅವಳು ತೆರೆದಳು. ಹೋದದ್ದು, ಅಂದದ್ದು, ಅವನು ಕೇಳಿದ್ದು ಎಲ್ಲ ಹೇಳಿದೆ. ಬೈಗುಳವನ್ನು ಅವಳಿಗೆ ಪೂರ್ತಿ ಒಪ್ಪಿಸಿದೆ, ಒಂದೆರಡು ಕಡೆ ಇನ್ನಷ್ಟು ತಿದ್ದಿ. ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತು ಕೇಳಿದಳು. ಕೋಪಿಸಿಕೊಳ್ಳಲಿಲ್ಲ, ನಗಲೂ ಇಲ್ಲ. ಉಗುರುಗಳು ಶುಭ್ರವಾಗಿದ್ದವು.

"ಆಜಿ" ಎಂದಳು, "ಗಾಡಿ ಮುಟ್ಟಾಕ ಕೊಡ್ತಾರೇನಂತ, ನಿಮಗರ?"

ನಾನು ಅದನ್ನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಕುಪವಾಡದಿಂದ ಮಿರಜಿನ ತನಕ, ಆ ಹಾಳು ಕಂಪನಿಯ ಮೆಟ್ಟಿಲು ಇನ್ನು ತುಳಿಯುವುದಿಲ್ಲ ಎಂದು ಶಪಥ ಮಾಡುತ್ತ ಬಂದವಳು, ಅದರ ಜೊತೆಜೊತೆಗೇ, ಎಸಿ ಕೋಣೆಗೆ ಕಾಂಜೀವರಂ ಭಾರವಾದೀತು, ತಿಳಿ ಬಣ್ಣದ ಮೈಸೂರು ಸಿಲ್ಕೇ ಸರಿ ಎಂದು ಯೋಚಿಸುತ್ತ ಬಂದಿದ್ದೆ.